ಒಂದ ಫ್ಲ್ಯಾಂಜ್, ಐದ ಭಾಷಾ: ಸಿಎನ್‌ಸಿಗೆ ಆಕಾರ ಹೇಳೂದು ಹೆಂಗ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ನಾವಗೆ ಕಡೆ ಯಾವುದ ಸಿಎನ್‌ಸಿ (ಕಂಪ್ಯೂಟರ್ ನಡಸೂ ಮಷೀನ್) ಶಾಪ್‌ಗೆ ಹೋದ್ರೂ ಹೊಸದಾಗಿ ಡಿಪ್ಲೊಮಾ ಮುಗಿಸಿ ಬಂದ ಹುಡುಗುರು ನನ್ನ ಕೇಳೂದು ಒಂದ ಪ್ರಶ್ನೆ, "ಅಣ್ಣಾರ, ಜಿ ಕೋಡ್ ಕಲಿಲೇನು, ಪೈಥಾನ್ ಕಲಿಲೇನು, ಈಗ ಕೋಡ್ ಬರದ ಡ್ರಾಯಿಂಗ್ ಮಾಡೂದು ಬಂದೈತೆಂತ್ರಲ್ಲ ಅದನ್ನ ಕಲಿಲೇನು?" ಅಂತ. ಬಾಯಿಲೆ ಹೇಳಿದ್ರ ತಲ್ಯಾಗ ಕೂಡೂದಿಲ್ಲ. ಅದಕ್ಕ ಒಂದ ಜಾಬ್ ತಗೊಂಡು ಅದನ್ನ ಬ್ಯಾರೆ ಬ್ಯಾರೆ ಭಾಷಾದಾಗ ಬರದ ತೋರಸ್ತೇನಿ, ನೀವೂ ನಿಮ್ಮ ಕಂಪ್ಯೂಟರ್‌ನ್ಯಾಗ ಜೋಡಿಗೆ ಮಾಡಕೋತ ಬರ್ರಿ. ಮಷೀನ್‌ನ್ಯಾಗ ಅಕ್ಷರ ಇಂಗ್ಲಿಷ್‌ನ್ಯಾಗ ಇರತಾವು, ಇಲ್ಲೆ ಓದಾಕ ಅನುಕೂಲ ಆಗ್ಲಿ ಅಂತ ಕನ್ನಡದಾಗ ಬರದೇನಿ.

ಜಾಬ್ ಯಾವುದಪಾ ಅಂದ್ರ ಒಂದು ಪಂಪಿನ ಕವರ್, ಅಂದ್ರ ಬೋಲ್ಟ್ ಹಾಕಿ ಕೂಡಸೂ ದುಂಡನ ಫ್ಲ್ಯಾಂಜ್, ಬೀಡಿನ ಕಾಸ್ಟಿಂಗ್. ಹೊರಗಿನ ವ್ಯಾಸ 200, ದಪ್ಪ 20, ನಡುವ 50 ಎಚ್7 ಬೋರ್ (ನಿಖರ ಅಳತಿಯ ತೂತು), 160 ಪಿಸಿಡಿ (ಹೋಲಿನ ಸೆಂಟರ್ ಎಲ್ಲಾ ಕೂಡೂ ವರ್ತುಲದ ವ್ಯಾಸ) ಮ್ಯಾಲ 18 ಎಂಎಂದು 8 ಹೋಲ್. ಪೈಪ್ ಕೆಲಸ ಮಾಡಿದವರಿಗೆ ಈ ಲೆಕ್ಕ ಗುರ್ತ ಹತ್ತತೈತಿ, ಪಿಎನ್16 ಅನ್ನೂ ಒತ್ತಡದ ದರ್ಜೆಯ ಫ್ಲ್ಯಾಂಜ್‌ನ್ಯಾಗ 80 ಸೈಜಿಂದು ಇದ ಹೋಲ್ ಪ್ಯಾಟರ್ನ್.

ಮೊದಲ ಕೆಲಸ ಕಂಪ್ಯೂಟರ್‌ದಲ್ಲ, ಪೆನ್ಸಿಲಿಂದು. ಡ್ರಾಯಿಂಗ್ ಪ್ರಿಂಟ್ ಮ್ಯಾಲ ಯಾವ ಅಳತಿ ನಾಳೆ ಬದಲಾಗಬಹುದೋ ಅದಕ್ಕೆಲ್ಲ ಸುತ್ತ ಹಾಕ್ರಿ. ಪಿಸಿಡಿ, ಹೋಲ್ ಎಷ್ಟು, ಮೊದಲನೇ ಹೋಲ್ ಯಾವ ಕೋನದಾಗ, ದಪ್ಪ ಎಷ್ಟು, ಇವು ಬದಲಾಗತಾವು. ಬಾಜೂಕ್ಕ ಇನ್ನೊಂದ ಬರೀರಿ, ಬದಲಾಯಿಸೂದು ಯಾರು ಅಂತ. ಆಫೀಸಿನ್ಯಾಗ ಕೂತ ಡಿಸೈನರೋ, ರಾತ್ರಿ ಪಾಳಿ ಆಪರೇಟರೋ? ಭಾಷಾ ಯಾವುದು ಅನ್ನೂದು ಈ ಎರಡ ಸಾಲಿನ ಮ್ಯಾಲ ನಿಂತೈತಿ, ಅದಕ್ಕ ಈ ಹೆಜ್ಜಿ ಬಿಡಬ್ಯಾಡ್ರಿ.

ಇನ್ನೊಂದು ಮಾತು ಮೊದಲ ತಿಳಕೊಂಡಿರ್ರಿ. ಭಾಷಾದಾಗ ಎರಡ ಜಾತಿ ಅದಾವು. ಒಂದು ಟೂಲ್ ಎಲ್ಲೆಲ್ಲೆ ಓಡಾಡಬೇಕು ಅಂತ ಹೇಳೂದು, ಇನ್ನೊಂದು ಜಾಬ್ ಹೆಂಗ ಐತಿ ಅಂತ ಹೇಳೂದು. ಜಿ ಕೋಡ್ ಮೊದಲನೇದು. ಓಪನ್‌ಸ್ಕ್ಯಾಡ್, ಕ್ಯಾಡ್‌ಕ್ವೆರಿ ಎರಡನೇವು. "ಯಾವುದು ಛಲೋ" ಅಂತ ಜಗಳಾಡವರು ಭಾಳ ಮಂದಿ ಈ ಎರಡನ್ನ ಒಂದ ತಕ್ಕಡಿಗೆ ಹಾಕತಾರ, ಹಂಗ ತೂಗಿದ್ರ ಲೆಕ್ಕ ಹತ್ತೂದಿಲ್ಲ.

ಈಗ ಕೈಲೆ ಜಿ ಕೋಡ್ ಬರೀರಿ. ಅಮೆರಿಕಾದವರು 1980ದಾಗ ಆರ್‌ಎಸ್-274-ಡಿ ಅಂತ ಗಟ್ಟಿ ಮಾಡಿದ ಈ ಪದ್ಧತಿನ ಇವತ್ತಿಗೂ ನಮ್ಮ ಮಷೀನ್ ನಡಸಾಕ ಹತ್ತೈತಿ. ಜಾಬಿನ ಸೆಂಟರ್ ಝೀರೋ ಅಂತ ಇಟ್ಕೊಂಡ್ರ ಮೊದಲನೇ ಹೋಲ್ ಎಕ್ಸ್80. ವೈ0, ಎರಡನೇದು ಎಕ್ಸ್56.569 ವೈ56.569, ಮೂರನೇದು ಎಕ್ಸ್0 ವೈ80., ಹಿಂಗ ಎಂಟು. ಜಿ81 (ಡ್ರಿಲ್ ಮಾಡೂ ಸೈಕಲ್) ಹಾಕಿ, ಆಳಕ್ಕ ಝಡ್-27. ಕೊಟ್ಟು (ದಪ್ಪ 20, ಡ್ರಿಲ್ಲಿನ ಮೊನೆಗೆ ಐದೂವರಿ, ಆ ಮ್ಯಾಲ ಒಂದೀಟು ಬಿಡು), ಎಂಟು ಸಾಲು ಬರದು ಜಿ80 (ಸೈಕಲ್ ಬಂದ್) ಹಾಕಿದ್ರ ಮುಗೀತು. ಓದಾಕ ಸಸಾರ, ಯಾವ ಆಪರೇಟರ್ ಆದ್ರೂ ಸಾಲ ನೋಡಿ ಟೂಲ್ ಎಲ್ಲೆ ಹೊಂಟೈತಿ ಅಂತ ಹೇಳತಾನ. ಇಲ್ಲೆ ಒಂದ ಎಚ್ಚರಿಕಿ, ಫ್ಯಾನುಕ್ ಕಂಪನಿ ಕಂಟ್ರೋಲ್‌ನ್ಯಾಗ (ಮಷೀನ್ ನಡಸೂ ಕಂಪ್ಯೂಟರ್) ಚುಕ್ಕಿ ಇಡೂದು ಮರತು ಬರೇ ಎಕ್ಸ್80 ಅಂತ ಬರದ್ರ ಸೆಟಿಂಗ್ ಮ್ಯಾಲ ಹೋಗಿ ಅದು 80 ಮೈಕ್ರಾನ್ ಅಂತ ಓದಬಹುದು. ಅದನ್ನ ತೀರ್ಮಾನ ಮಾಡೂದು 3401ನೇ ಪ್ಯಾರಾಮೀಟರ್, ಒಂದೊಂದ ಮಷೀನ್‌ನ್ಯಾಗ ಒಂದೊಂದ ಥರ ಇಟ್ಟಿರತಾರ. ಚುಕ್ಕಿ ಇಟ್ಟ ಬರೀರಿ, ಯಾವಾಗ್ಲೂ.

ಈ ಪದ್ಧತಿ ಎಲ್ಲೆ ಕೈಕೊಡತೈತಿ ಅಂತ ನಾನು ಅನುಭವಿಸೇನಿ. ಒಂದಿನ ಸಂಜೀ ನಾಲ್ಕಕ್ಕ ಪಾರ್ಟಿ ಫೋನ್ ಬಂತು, ಪಿಸಿಡಿ ಅಷ್ಟ, ಹೋಲ್ ಅಷ್ಟ, ಆದ್ರ ಸೆಂಟರ್ ಲೈನ್ ಮ್ಯಾಲ ಹೋಲ್ ಬರಬಾರದು, ಎರಡ ಹೋಲಿನ ನಡುವ ಸೆಂಟರ್ ಲೈನ್ ಬರಬೇಕು. ಅಂದ್ರ 22.5 ಡಿಗ್ರಿ ತಿರುವಿದಂಗ. ಕಿವಿಗೆ ಸಣ್ಣ ಬದಲಾವಣೆ, ಖರೇ ಅಂದ್ರ ಎಂಟು ಹೋಲಿಂದು ಹದಿನಾರೂ ನಂಬರ್ ತಿದ್ದಬೇಕು. ಗಡಿಬಿಡಿಯಾಗ ಒಂದ ಸಾಲಿನ್ಯಾಗ 73.910 ಇರೂದು 79.310 ಅಂತ ಬಿತ್ತು. ಮಷೀನ್ ಯಾಕ ಕೂಗತೈತಿ, ಅದಕ್ಕ ಅದೂ ಒಂದು ನಂಬರ್. ಎರಡು ಕಾಸ್ಟಿಂಗ್ ಭಂಗಾರಕ್ಕ (ಗುಜರಿಗೆ) ಹೋದ್ವು, ಅವನ್ನ ನೋಡಿದಾಗ ಹೊಟ್ಟ್ಯಾಗ ಆದದ್ದು ಇನ್ನೂ ನೆನಪೈತಿ. ಆವತ್ತ ರಾತ್ರಿ ಕೂತು ಮ್ಯಾಕ್ರೋ ಕಲಿಯಾಕ ಶುರು ಮಾಡಿದೆ.

ಅದಕ್ಕ ಮುಂದಿನ ಹೆಜ್ಜಿ ಮ್ಯಾಕ್ರೋ ಬಿ. ಫ್ಯಾನುಕ್ ಕಂಟ್ರೋಲ್ ಒಳಗ ಇರೂ ಸಣ್ಣ ಪ್ರೋಗ್ರಾಮಿಂಗ್ ಭಾಷಾ ಇದು, ಹಳೇ ಮಷೀನ್‌ನ್ಯಾಗ ಕೆಲವಕ್ಕ ಆಪ್ಷನ್ ಅಂತ ಕೊಟ್ಟಿರತಾರ, ಅದಕ್ಕ ಮೊದಲ ನಿಮ್ಮ ಮಷೀನ್‌ನ್ಯಾಗ ಎಂಡಿಐದಾಗ (ಕೈಲೆ ಸಾಲ ಹಾಕಿ ನಡಸೂ ಪೇಜ್) #101=5 ಅಂತ ಹಾಕಿ ಮ್ಯಾಕ್ರೋ ವೇರಿಯೇಬಲ್ ಪೇಜ್‌ನ್ಯಾಗ ಬಂತೋ ಇಲ್ಲೋ ನೋಡ್ರಿ. ಬಂದ್ರ ಇದನ್ನ ಬರೀರಿ:

#101=80.
#102=22.5
#103=8
#104=0
ವೈಲ್[#104 ಎಲ್‌ಟಿ #103]ಡೂ1
#105=#102+#104*360./#103
ಜಿ81 ಎಕ್ಸ್[#101*ಕಾಸ್[#105]] ವೈ[#101*ಸಿನ್[#105]] ಝಡ್-27. ಆರ್3. ಎಫ್110.
#104=#104+1
ಎಂಡ್1
ಜಿ80

ಮ್ಯಾಲಿನ ಮೂರು ಸಾಲ ನೋಡ್ರಿ, ತ್ರಿಜ್ಯ, ಶುರು ಕೋನ, ಹೋಲಿನ ಸಂಖ್ಯಾ. #104 ಎಷ್ಟನೇ ಹೋಲ್ ಅಂತ ಎಣಸತೈತಿ, ಎಲ್‌ಟಿ ಅಂದ್ರ ಅದಕ್ಕಿಂತ ಕಡಿಮಿ, ಆರ್ ಅಂದ್ರ ಡ್ರಿಲ್ ಶುರು ಮಾಡೂ ಎತ್ತರ, ಎಫ್ ಅಂದ್ರ ಇಳಿಯೂ ವೇಗ. ಪಾರ್ಟಿ ಫೋನ್ ಮಾಡಿ ಕೋನ ಬದಲಿಸ್ರಿ ಅಂದ್ರ ಒಂದ ಸಾಲ ತಿದ್ದೂದು, ಅಷ್ಟ. ನಾಳೆ 100 ಸೈಜಿಂದು ಬಂತು ಅಂದ್ರ 180 ಪಿಸಿಡಿ, ಹೋಲ್ ಎಂಟ, #101=90. ಮಾಡ್ರಿ. 50 ಸೈಜಿಂದು ಬಂದ್ರ 125 ಪಿಸಿಡಿ, ನಾಕ ಹೋಲ್, #101=62.5, #103=4, ಶುರು ಕೋನ 45. ಸೆಂಟರ್ ಲೈನ್ ಎರಡ ಹೋಲಿನ ನಡುವ ಬರಬೇಕಂದ್ರ ಶುರು ಕೋನಕ್ಕ 180ನ್ನ ಹೋಲಿನ ಸಂಖ್ಯಾದಿಂದ ಭಾಗಿಸಿದ್ರ ಆತು, ಬೇಕಾದ್ರ ಆ ಲೆಕ್ಕನೂ ಮ್ಯಾಕ್ರೋಗ ಬಿಡ್ರಿ, #102=180./#103 ಅಂತ (ಆಗ ಆ ಸಾಲ #103ರ ಕೆಳಗ ಇರಬೇಕು, ಇಲ್ಲಾಂದ್ರ ಖಾಲಿ ನಂಬರಿಂದ ಭಾಗಿಸಿದಂಗ ಆಗಿ ಅಲಾರ್ಮ್ ಬರತೈತಿ).

ಕೈ ಕೂತ ಮ್ಯಾಲ ಇದನ್ನ 9010 ಅಂತ ಬ್ಯಾರೆ ಪ್ರೋಗ್ರಾಂ ಮಾಡಿ ಜಿ65 ಪಿ9010 ಆರ್80. ಎ22.5 ಎಚ್8. ಅಂತ ಕರೀರಿ. ಆರ್ ಕೊಟ್ಟದ್ದು ಒಳಗ #18 ಆಗತೈತಿ, ಎ #1 ಆಗತೈತಿ, ಎಚ್ #11. ಯಾರರ ಆರ್ ಕೊಡೂದ ಮರತ್ರ? #18 ಖಾಲಿ ಇರತೈತಿ, ಝೀರೋ ಅಲ್ಲ, ಖಾಲಿ. ಅದಕ್ಕ ಶುರೂಗ ಒಂದು ಕಾವಲ ಇಡ್ರಿ, #18 ಖಾಲಿ ಇದ್ರ #3000=1 ಮಾಡೂ ಸಾಲಿಗೆ ಜಿಗಿ ಅಂತ. #3000ಕ್ಕ ನಂಬರ್ ಹಾಕಿದ ಕೂಡಲೆ ಮಷೀನ್ ಅಲಾರ್ಮ್ ಕೊಟ್ಟು ನಿಂದರತೈತಿ, ಸ್ಪಿಂಡಲ್ ಜಾಬಿಗೆ ಮುಟ್ಟೂ ಮೊದಲ. ಈ ಒಂದ ಸಾಲ ನಾ ಎಲ್ಲಾ ಮ್ಯಾಕ್ರೋದಾಗೂ ಹಾಕತೇನಿ. ಸೀಮೆನ್ಸ್ ಕಂಟ್ರೋಲ್ ಇದ್ದವರು ಇಷ್ಟೆಲ್ಲ ಬರೀಬೇಕಂತಿಲ್ಲ, ಅವರಿಗೆ ಹೋಲ್ಸ್2 ಅನ್ನೂ ಸೈಕಲ್ ಐತಿ. ಹೈಡನ್‌ಹೈನ್‌ನ್ಯಾಗ 220ನೇ ಸೈಕಲ್. ತಯಾರ ಇದ್ದದ್ದನ್ನ ಬಳಸ್ರಿ, ಆದ್ರ ಮ್ಯಾಕ್ರೋ ತಿಳದಿದ್ರ ಸೈಕಲ್ ಇಲ್ಲದ ಆಕಾರಕ್ಕೂ ದಾರಿ ಇರತೈತಿ.

ಒಂದ ನಿಮಿಷ ಹಳೇದು ಹೇಳತೇನಿ, ಯಾಕಂದ್ರ ಇದು ಗೊತ್ತಿದ್ರ ಮುಂದಿಂದು ಲಗೂನ ತಿಳೀತೈತಿ. ಅಮೆರಿಕಾದ ಎಂಐಟಿ ವಿಶ್ವವಿದ್ಯಾಲಯದಾಗ 1952ರಾಗ ಎನ್‌ಸಿ (ನಂಬರಿಂದ ನಡಿಯೂ) ಮಿಲ್ಲಿಂಗ್ ಮಷೀನ್ ನಡಿಸಿ ತೋರಿಸಿದ್ರು. ನಂಬರ್ ಒಂದೊಂದ ಲೆಕ್ಕ ಹಾಕಿ ಪಂಚ್ ಮಾಡೂ ಕೆಲಸ ಯಮಯಾತನೆ ಅಂತ ಅಲ್ಲೇ ಗೊತ್ತಾತು. ಅದಕ್ಕ ಡಗ್ಲಸ್ ರಾಸ್ ಅವರ ತಂಡ ಎಪಿಟಿ ಅನ್ನೂ ಭಾಷಾ ಕಟ್ಟಿತು, 1959ರಾಗ ಮಂದಿಗೆ ತೋರಿಸಿದಾಗ ಅದರಲೆ ಮಾಡಿದ ಅಲ್ಯುಮಿನಿಯಂ ಆಶ್‌ಟ್ರೇ ಪತ್ರಕರ್ತರಿಗೆ ಕೊಟ್ಟಿದ್ರು. ಎಪಿಟಿಯಾಗ ಮೊದಲ ಹೆಸರ ಇಟ್ಟು ಆಕಾರ ಹೇಳೂದು, ಇದು ಸಿ1 ಅನ್ನೂ ಸರ್ಕಲ್, ಇದು ಎಲ್1 ಅನ್ನೂ ಗೆರಿ, ಆಮ್ಯಾಲ ಟೂಲಿಗೆ ಆ ಗೆರಿ ಹಿಡದು ಎಡಕ್ಕ ಹೋಗು, ಈ ಸರ್ಕಲ್ ತನಕ ಹೋಗು ಅನ್ನೂದು. ಆಕಾರ ಬ್ಯಾರೆ, ಓಡಾಟ ಬ್ಯಾರೆ. ಮಷೀನ್‌ಗೆ ತಕ್ಕಂತ ಕೋಡ್ ಮಾಡೂದು ಪೋಸ್ಟ್ ಪ್ರೊಸೆಸರ್ ಕೆಲಸ. ಇವತ್ತು ದೊಡ್ಡ ಕ್ಯಾಮ್ (ಆಕಾರ ನೋಡಿ ಟೂಲಿನ ದಾರಿ ಲೆಕ್ಕ ಹಾಕೂ) ಸಾಫ್ಟ್‌ವೇರ್ ಕೆಲವು ನಡುವ ಬರೆಯೂ ಟೂಲ್‌ಪಾತ್ ಫೈಲ್ ಎಪಿಟಿ ರೂಪದಾಗ ಇರತಾವು, ತೆಗದು ನೋಡ್ರಿ, ಗೋಟೂ ಅಂತ ಸಾಲ ಕಾಣತಾವು. ಎಪಿಟಿ ಈಗ ಹೊಸದಾಗಿ ಕಲೀರಿ ಅಂತ ನಾ ಹೇಳೂದಿಲ್ಲ, ಅದರ ವಿಚಾರ ಮಾತ್ರ ತಲ್ಯಾಗ ಇಟ್ಕೋರಿ.

ಮೂರನೇ ಪ್ರಯೋಗ ಪೈಥಾನ್, ಕಂಪ್ಯೂಟರ್ ಮ್ಯಾಲ ಬಳಸೂ ಸಾಮಾನ್ಯ ಪ್ರೋಗ್ರಾಮಿಂಗ್ ಭಾಷಾ. ಇಲ್ಲೆ ಪೈಥಾನ್ ಜಿ ಕೋಡ್ ಬರದ ಕೊಡೂ ಗುಮಾಸ್ತ ಇದ್ದಂಗ. ಲೂಪ್ ಹಾಕಿ ಪ್ರತಿ ಹೋಲಿನ ಎಕ್ಸ್ ವೈ ಲೆಕ್ಕ ಮಾಡಿಸಿ ಟೆಕ್ಸ್ಟ್ ಫೈಲಿಗೆ ಬರಸೂದು. ಮಷೀನ್‌ನ್ಯಾಗ ಮ್ಯಾಕ್ರೋ ಇಲ್ಲ ಅಂದ್ರ, ಇಲ್ಲಾ ಎಕ್ಸೆಲ್‌ನ್ಯಾಗ ಇನ್ನೂರು ಸೈಜ್ ಪಟ್ಟಿ ಐತಿ ಅಂದ್ರ ಇದರಂಥ ಸುಖ ಬ್ಯಾರೆ ಇಲ್ಲ. ಆದ್ರ ಎರಡ ಕಡೆ ಕಾಲ ಜಾರತೈತಿ.

ಮೊದಲನೇದು ಡಿಗ್ರಿ. ಫ್ಯಾನುಕ್ ಮ್ಯಾಕ್ರೋದಾಗ ಕಾಸ್ ಸಿನ್ ಡಿಗ್ರಿ ತಗೋತಾವು, ಪೈಥಾನ್ ಮ್ಯಾಥ್ ಲೈಬ್ರರಿ ರೇಡಿಯನ್ ತಗೋತೈತಿ. ಮ್ಯಾಕ್ರೋ ಬರದ ರೂಢಿಯಾದವರು ಇಲ್ಲೂ 22.5 ಹಂಗ ಕೊಟ್ಟ ಬಿಡತಾರ, ಆಗ ಮೊದಲನೇ ಹೋಲ್ ಎಕ್ಸ್73.910 ವೈ30.615 ಬರೂದ ಬಿಟ್ಟು ಎಕ್ಸ್-69.87 ವೈ-38.97ಕ್ಕ ಹೋಗತೈತಿ. ಇದರಾಗ ಮೋಸ ಏನಂದ್ರ ಆ ಹೋಲ್ ಸೈತ ಸರಿಯಾಗಿ 160 ಪಿಸಿಡಿ ಮ್ಯಾಲನ ಇರತೈತಿ! ಸೆಂಟರಿಂದ ಅಳದ್ರ 80 ತೋರಿಸತೈತಿ, ನೀವು ಸರಿ ಐತಿ ಅಂತ ಮುಂದ ಹೋಗತೀರಿ. ಪಿಚ್ ಅಳದಾಗ ಮಾತ್ರ ಸಿಗತೈತಿ, ಒಂದರ ಹಿಂದ ಒಂದ ಹಾಕಿದ ಹೋಲಿನ ಸೆಂಟರ್ ಅಂತರ 61.229 ಇರಬೇಕಾದ್ದು 78ರ ಹತ್ರ ಬರತೈತಿ. ರೇಡಿಯನ್ಸ್ ಅನ್ನೂ ಫಂಕ್ಷನ್ ಹಾಕಿ ಬದಲಾಯಿಸಿದ್ರ ಆತು, ಅದು ಗೊತ್ತಿದ್ದದ್ದ, ಮರೀಬಾರದು ಅಷ್ಟ.

ಎರಡನೇದು ಪ್ರಿಂಟ್ ಆಗೂ ರೀತಿ. ಶುರು ಕೋನ ಝೀರೋ ಇದ್ದಾಗ 90 ಡಿಗ್ರಿ ಹೋಲಿಗೆ ಎಕ್ಸ್ ಝೀರೋ ಬರಬೇಕು, ಪೈಥಾನ್ ಅದನ್ನ ನಾಕು ಚಿಲ್ಲರೆ, ಆಮ್ಯಾಲ ಇ ಅಕ್ಷರ, ಆಮ್ಯಾಲ ಮೈನಸ್ 15 ಅಂತ ಬರದ ಬಿಡತೈತಿ. ಗಣಿತದಾಗ ಅದು ಝೀರೋನ, ಕಂಟ್ರೋಲಿಗೆ ನಡುವ ಬಂದ ಇ ಒಂದು ಬ್ಯಾರೆ ಅಡ್ರೆಸ್. ಅದಕ್ಕ ಪ್ರತಿ ನಂಬರೂ ಚುಕ್ಕಿ ಆದ ಮ್ಯಾಲ ಮೂರ ಅಂಕಿಗೆ ಕಟ್ ಮಾಡಿ ಬರಸ್ರಿ. ಹಂಗ ಮಾಡಿದ್ರ ಚುಕ್ಕಿನೂ ತಾನ ಬರತೈತಿ, ಮ್ಯಾಲ ಹೇಳಿದ 80 ಮೈಕ್ರಾನ್ ತಾಪತ್ರಯನೂ ತಪ್ಪತೈತಿ.

ಈಗ ಎರಡನೇ ಜಾತಿಗೆ ಬರೂಣ, ಜಾಬ್ ಹೆಂಗ ಐತಿ ಅಂತ ಹೇಳೂ ಭಾಷಾ. ಓಪನ್‌ಸ್ಕ್ಯಾಡ್ ಫುಕ್ಕಟ ಸಿಗತೈತಿ, ಕಲಿಯಾಕ ಒಂದ ದಿನ ಸಾಕು. 200 ವ್ಯಾಸದ ಸಿಲಿಂಡರ್ ತಗೋ, ಅದರಾಗಿಂದ 50ರ ಸಿಲಿಂಡರ್ ಕಳಿ, ಎಂಟ ಸಲ ತಿರುಗಿಸಿ 18ರ ಸಿಲಿಂಡರ್ ಕಳಿ, ಇಷ್ಟ. ಕೂಡೂದು ಕಳಿಯೂದು, ಲೆಕ್ಕ ಮಾಡಿದಂಗ ಅನಸತೈತಿ, ಕೋನನೂ ಡಿಗ್ರಿಯಾಗ. ಹುಡುಗುರು ಇದನ್ನ ನೋಡಿ ಖುಷಿ ಆಗಿ ಇದ ಸಾಕು ಅಂತಾರ. ತ್ರೀಡಿ ಪ್ರಿಂಟಿಂಗ್‌ಗೆ ಸಾಕು. ಮಷೀನಿಂಗ್‌ಗೆ ಒಂದು ದೊಡ್ಡ ಕೊರತಿ ಐತಿ, ಇದನ್ನ ಸ್ವಲ್ಪ ಕಣ್ಣಿಟ್ಟ ನೋಡ್ರಿ.

ಓಪನ್‌ಸ್ಕ್ಯಾಡ್‌ಗೆ ಖರೇ ವರ್ತುಲ ಅನ್ನೂದು ಇಲ್ಲ. ಎಲ್ಲಾ ವರ್ತುಲನೂ ಸಣ್ಣ ಸಣ್ಣ ಸೀದಾ ಗೆರಿ ಕೂಡಿಸಿದ ಬಹುಭುಜ. ನೀವು ಏನೂ ಹೇಳದ ಬಿಟ್ರ ದೊಡ್ಡ ವರ್ತುಲಕ್ಕ 30 ಗೆರಿ ಹಾಕತೈತಿ. 30 ಮೂಲಿಗಳು ಮಾತ್ರ ಖರೇ ವ್ಯಾಸದ ಮ್ಯಾಲ ಕೂಡತಾವು, ಗೆರಿಯ ನಡುಭಾಗ ಒಳಗ ಬಂದಿರತೈತಿ. ನಮ್ಮ 50ರ ಬೋರ್ ಅಳದ ನೋಡಿದ್ರ ಎದುರುಬದರು ಗೆರಿ ನಡುವಿನ ಅಂತರ 49.726. 50 ಎಚ್7 ಅಂದ್ರ ಝೀರೋದಿಂದ ಪ್ಲಸ್ 0.025, ಅಂದ್ರ ಇಲ್ಲೆ ತಪ್ಪು ಟಾಲರೆನ್ಸಿನ ಹತ್ತ ಪಟ್ಟಿಗಿಂತ ಜಾಸ್ತಿ. 200ರ ಹೊರಗಿನ ವ್ಯಾಸದಾಗ ಒಂದ ಬಾಜೂ ಅರ್ಧ ಎಂಎಂ ದಾಟಿ ಒಳಗ ಬರತೈತಿ. ಸ್ಕ್ರೀನ್ ಮ್ಯಾಲ ಗುಂಡಗನ ಕಾಣತೈತಿ, ಅದ ಇದರ ಅಪಾಯ. ಡಾಲರ್ ಎಫ್‌ಎನ್ ಅನ್ನೂ ಸೆಟಿಂಗ್ 360 ಮಾಡಿದ್ರ ತಪ್ಪು ಭಾಳ ಸಣ್ಣದಾಗತೈತಿ, ಖರೇ, ಆದ್ರ ಡಿಎಕ್ಸ್‌ಎಫ್ ಅನ್ನೂ ಡ್ರಾಯಿಂಗ್ ಫೈಲಿನ್ಯಾಗ 360 ಗೆರಿ ಹೋಗತಾವು, ಕ್ಯಾಮ್ ಅದನ್ನ 360 ಜಿ01 (ಸೀದಾ ಓಡಾಟ) ಸಾಲ ಮಾಡತೈತಿ, ಒಂದ ಜಿ03 (ಗುಂಡನ ಓಡಾಟ) ಸಾಲಿನ್ಯಾಗ ಆಗೂ ಕೆಲಸಕ್ಕ. ಹಳೇ ಕಂಟ್ರೋಲ್ ಇದ್ರ ಮಷೀನ್ ತಡವರಸಕೋತ ಹೋಗತೈತಿ, ಬೋರ್ ಒಳಗ ಬೆರಳ ಆಡಿಸಿದ್ರ ಗೀರು ಗೊತ್ತಾಗತಾವು. ಆದ್ರ ಮರದ ಪ್ಯಾಟರ್ನ್, ಫಿಕ್ಚರ್ ಮಾಡೆಲ್, ಪಾರ್ಟಿಗೆ ತೋರಸೂ ನಮೂನಾ, ಇಂಥಾದಕ್ಕ ನಾ ಇವತ್ತೂ ಓಪನ್‌ಸ್ಕ್ಯಾಡ್ ಬಳಸತೇನಿ.

ಕ್ಯಾಡ್‌ಕ್ವೆರಿ ಇದಕ್ಕ ಉತ್ತರ. ಇದು ಪೈಥಾನ್ ಲೈಬ್ರರಿ, ಒಳಗ ಕೆಲಸ ಮಾಡೂದು ಓಪನ್ ಕ್ಯಾಸ್ಕೇಡ್ ಅನ್ನೂ ಕರ್ನೆಲ್ (ಆಕಾರದ ಲೆಕ್ಕ ಮಾಡೂ ಎಂಜಿನ್), ಫ್ರೀಕ್ಯಾಡ್ ಅನ್ನೂ ಫುಕ್ಕಟ ಡಿಸೈನ್ ಸಾಫ್ಟ್‌ವೇರ್ ಒಳಗ ಇರೂದೂ ಅದ. ವರ್ತುಲ ಇಲ್ಲೆ ಖರೇ ವರ್ತುಲ, ಸ್ಟೆಪ್ ಅನ್ನೂ ತ್ರೀಡಿ ಫೈಲ್ ಮಾಡಿ ಕ್ಯಾಮ್‌ಗೆ ಕೊಟ್ರ ಅದಕ್ಕ 50ರ ಸಿಲಿಂಡರ್ ಅಂತ ತಿಳೀತೈತಿ, ಪೋಸ್ಟ್ ಪ್ರೊಸೆಸರ್ ಸರಿ ಇದ್ರ ಜಿ02 ಜಿ03 ಬರತಾವು. ಬರಿಯೂದು ಹಿಂಗ: 100 ತ್ರಿಜ್ಯದ ಸರ್ಕಲ್, 20 ಎತ್ತರ ಎಬ್ಬಿಸು, ಮ್ಯಾಲಿನ ಮುಖ ಹಿಡಿ, 50ರ ಹೋಲ್ ಹಾಕು, ಮತ್ತ ಮ್ಯಾಲಿನ ಮುಖ ಹಿಡಿ, ಪೋಲಾರ್‌ಅರೇ 80, 22.5, 360, 8, ಅದರ ಮ್ಯಾಲ 18ರ ಹೋಲ್ ಹಾಕು. ಪೋಲಾರ್‌ಅರೇ ಕೋನ ಡಿಗ್ರಿಯಾಗ ತಗೋತೈತಿ, ಪೈಥಾನ್ ಅಂತ ಇಲ್ಲೂ ರೇಡಿಯನ್ ಕೊಟ್ಟು ಕೆಡಸಬ್ಯಾಡ್ರಿ. "ಮ್ಯಾಲಿನ ಮುಖ ಹಿಡಿ" ಅನ್ನೂ ಮಾತು ನನಗ ಭಾಳ ಹಿಡಸತೈತಿ, ನಾವು ಸೆಟ್ಟರ್‌ಗೆ ಹೇಳೂದೂ ಹಂಗ ಅಲ್ಲೇನು, ಈ ಫೇಸ್ ಮ್ಯಾಲ ಈ ಹೋಲ್ ಅಂತ. ನಾಳೆ ದಪ್ಪ 24 ಆದ್ರೂ ಹೋಲ್ ಮ್ಯಾಲಿನ ಮುಖದ ಜೋಡಿಗೆ ಏರತಾವು.

ಇದರ ಖರೇ ಬಲ ಸೈಜಿನ ಕುಟುಂಬ ಇದ್ದಾಗ ಕಾಣತೈತಿ. 50ಕ್ಕ ಹೊರಗಿನ ವ್ಯಾಸ 165, ಪಿಸಿಡಿ 125, ಹೋಲ್ 4. 80ಕ್ಕ 200, 160, 8. 100ಕ್ಕ 220, 180, 8. ಮೂರೂ ಸಾಲ ಒಂದ ಪಟ್ಟಿಯಾಗ ಇಟ್ಟು ಲೂಪ್ ತಿರುಗಿಸಿದ್ರ ಮೂರ ಸ್ಟೆಪ್ ಫೈಲ್ ಕೈಗೆ ಬರತಾವು. ಆದ್ರ ನೆನಪಿಡ್ರಿ, ಇದು ಟೂಲ್‌ಪಾತ್ ಕೊಡೂದಿಲ್ಲ. ಅದಕ್ಕ ಕ್ಯಾಮ್ ಬೇಕು. ರೊಕ್ಕ ಹಾಕಾಕ ಆಗದವರಿಗೆ ಫ್ರೀಕ್ಯಾಡ್ ಐತಿ, 2024ರ ನವೆಂಬರ್‌ನ್ಯಾಗ 1.0 ಬಂತು, ಮೊದಲ ಪಾತ್ ಅಂತಿದ್ದ ವರ್ಕ್‌ಬೆಂಚಿಗೆ ಈಗ ಕ್ಯಾಮ್ ಅಂತ ಹೆಸರ. ಮತ್ತ ಆಪರೇಟರ್ ರಾತ್ರಿ ಎರಡಕ್ಕ ಮಷೀನ್ ಮುಂದ ನಿಂತು ಪಿಸಿಡಿ ಬದಲ ಮಾಡಬೇಕಂದ್ರ ಕ್ಯಾಡ್‌ಕ್ವೆರಿ ಅವನಿಗೆ ಯಾವ ಉಪಯೋಗಕ್ಕೂ ಇಲ್ಲ.

ಸ್ಟೆಪ್-ಎನ್‌ಸಿ ಅಂತನೂ ಒಂದೈತಿ, ಐಎಸ್‌ಒ 14649, ಓಡಾಟದ ಬದಲಿ "ಇಲ್ಲೊಂದು ಪಾಕೆಟ್, ಅಲ್ಲೊಂದು ಹೋಲ್" ಅಂತ ಮಷೀನ್‌ಗೆ ನೇರ ಹೇಳೂ ಪದ್ಧತಿ. ವಿಚಾರ ಛಲೋ ಐತಿ, ನಮ್ಮ ಶಾಪ್‌ಗಳಾಗಿನ ಮಷೀನ್‌ನ್ಯಾಗ ನಾ ಕಂಡಿಲ್ಲ, ಅದಕ್ಕ ಇಲ್ಲೆ ಬಿಡತೇನಿ.

ಇನ್ನ ಆರಿಸೂದು. ಪೆನ್ಸಿಲ್‌ಲೆ ಸುತ್ತ ಹಾಕಿದ ಪ್ರಿಂಟ್ ಮತ್ತ ಎದುರಿಗೆ ಇಟ್ಕೋರಿ. ಅಳತಿ ಮಷೀನ್ ಮುಂದ ಬದಲಾಗತೈತಿ, ಆಕಾರ ಸಾದಾ ಐತಿ, ಹೋಲ್ ಪ್ಯಾಟರ್ನ್, ಸ್ಲಾಟ್, ಗ್ರೂವ್ ಅಂದ್ರ ಮ್ಯಾಕ್ರೋ. ನನ್ನ ಕೇಳಿದ್ರ ಬೆಳಗಾವಿ ಸುತ್ತಮುತ್ತಲಿನ ಜಾಬ್ ಶಾಪ್ ಕೆಲಸದಾಗ ಇದ ಮೊದಲ ಕಲಿಯೂ ಭಾಷಾ, ಎಷ್ಟೋ ವರ್ಷದಿಂದ ಮಷೀನ್ ಒಳಗ ಸುಮ್ಮನ ಕೂತೈತಿ, ಮಂದಿ ಮುಟ್ಟಿಲ್ಲ. ಅಳತಿ ಆಫೀಸಿನ್ಯಾಗ ಬದಲಾಗತೈತಿ, ಸೈಜ್ ಭಾಳ ಅದಾವು, ಆಕಾರದಾಗ ಫಿಲೆಟ್ (ಗುಂಡ ಮಾಡಿದ ಮೂಲಿ), ಡ್ರಾಫ್ಟ್ (ಓರೆ ಗ್ವಾಡಿ), ಬಾಗಿದ ಮೈ ಅದಾವು ಅಂದ್ರ ಕ್ಯಾಡ್‌ಕ್ವೆರಿ ಮತ್ತ ಕ್ಯಾಮ್. ಪಟ್ಟಿ ಉದ್ದ, ಆಕಾರ ಸಾದಾ, ಮಷೀನ್‌ನ್ಯಾಗ ಮ್ಯಾಕ್ರೋ ಇಲ್ಲ, ಆಗ ಪೈಥಾನ್‌ಲೆ ಜಿ ಕೋಡ್. ಒಂದ ಸಲ ಮಾಡಿ ಬಿಡೂ ಒಂದ ಜಾಬಿಗೆ ಕೈಲೆ ಬರೀರಿ, ಅದಕ್ಕ ಇಷ್ಟೆಲ್ಲ ಕಸರತ್ತ ಬ್ಯಾಡ.

ಬೋರ್ ಸಲುವಾಗಿ ಬ್ಯಾರೆ ಹೇಳಬೇಕು. ಮಿಲ್ಲಿಂಗ್‌ಲೆ ಫಿನಿಶ್ ಮಾಡೂದಿದ್ರ ಯಾವ ಭಾಷಾದಿಂದ ಬಂದ ಪ್ರೋಗ್ರಾಂ ಆದ್ರೂ ಆ ಸಾಲಿನ್ಯಾಗ ಜಿ41 (ಟೂಲಿನ ತ್ರಿಜ್ಯ ಲೆಕ್ಕಕ್ಕ ಹಿಡಿಯೂ ಆಜ್ಞೆ), ಡಿ ನಂಬರ್ (ಆ ತ್ರಿಜ್ಯದ ಆಫ್‌ಸೆಟ್ ಇರೂ ಜಾಗಾ) ಇರಾಕಬೇಕು. ಟೂಲ್ ಸವದ ಹಂಗ ಆಪರೇಟರ್ ಬೋರ್ ಗೇಜ್ ಹಾಕಿ ನೋಡಿ ವೇರ್ ಆಫ್‌ಸೆಟ್‌ನ್ಯಾಗ ಐದ ಮೈಕ್ರಾನ್, ಹತ್ತ ಮೈಕ್ರಾನ್ ಹಿಡದು ತರತಾನ. ಕ್ಯಾಮ್‌ನ್ಯಾಗ ಟೂಲ್ ಸೆಂಟರ್ ಪಾತ್ ತಗದು ಜಿ41 ಇಲ್ಲದ ಕೊಟ್ರ ಅವನ ಕೈ ಕಟ್ಟಿದಂಗ, ಐದ ಮೈಕ್ರಾನಿಗೂ ಆಫೀಸಿಗೆ ಓಡಬೇಕು.

ಕಡೀ ಹೆಜ್ಜಿ ಮಷೀನ್ ಮ್ಯಾಲ. ಗ್ರಾಫಿಕ್ ಪೇಜ್‌ನ್ಯಾಗ ಪಾತ್ ನೋಡ್ರಿ, ಝಡ್ ಆಫ್‌ಸೆಟ್ 50 ಎಂಎಂ ಮ್ಯಾಲ ಎತ್ತಿ ಸಿಂಗಲ್ ಬ್ಲಾಕ್‌ನ್ಯಾಗ ಗಾಳ್ಯಾಗ ಓಡಿಸ್ರಿ. ಆಮ್ಯಾಲ ಆಫ್‌ಸೆಟ್ ಕೆಳಗ ತಂದು ಮೊದಲನೇ ಕಾಸ್ಟಿಂಗ್ ಮ್ಯಾಲ ಮಾರ್ಕರ್ ಬಳದು ಸೆಂಟರ್ ಡ್ರಿಲ್ಲಿಂದ ಬರೇ ಚುಕ್ಕಿ ಹಾಕ್ರಿ, ಎಂಟೂ ಚುಕ್ಕಿ ಆದ ಮ್ಯಾಲ ವರ್ನಿಯರ್‌ಲೆ ಬಾಜೂ ಬಾಜೂ ಚುಕ್ಕಿ ಅಂತರ ನೋಡ್ರಿ, ಎಲ್ಲಾ ಕಡೆ 61.2ರ ಆಸುಪಾಸು ಬರಬೇಕು. ಪೂರಾ ಹೋಲ್ ಆದ ಮ್ಯಾಲ ಎರಡ ಹೋಲಿನ ಹೊರ ಅಂಚಿಂದ ಹೊರ ಅಂಚಿಗೆ ಹಿಡದ್ರ 79.2, ನಡುವ ಉಳದ ಗ್ವಾಡಿ 43.2. ಈ ಮೂರ ನಂಬರ್ ಪ್ರೋಗ್ರಾಮಿನ ತಲಿಮ್ಯಾಲ ಬ್ರಾಕೆಟ್ ಹಾಕಿ ಕಮೆಂಟ್ ಬರದ ಇಡ್ರಿ, ಪಾಳಿ ಬದಲಾದಾಗ ಬಂದವನಿಗೆ ಏನ ಅಳೀಬೇಕು ಅಂತ ಯಾರ್ನೂ ಕೇಳೂ ಪ್ರಸಂಗ ಬರೂದಿಲ್ಲ.